ತಗಡಿನ ಟ್ರಂಕಿನ ಮೇಲಿನ ಅಂಗೈ

ಡ್ರೈವರ್ ಕಾಕಾ ಅಂದರೆ ನನಗೆ ಮೊದಲು ನೆನಪಾಗುವುದು ಅವರ ಅಂಗೈ. ಮುಖ ಆಮೇಲೆ. ಅಗಲವಾದ, ಗೆರೆಗೆರೆಯಲ್ಲೂ ಅದಿರಿನ ಕೆಂಪು ಕೂತ ಅಂಗೈ. ಎಷ್ಟು ತಿಕ್ಕಿ ತೊಳೆದರೂ ಆ ಕೆಂಪು ಹೋಗುತ್ತಿರಲಿಲ್ಲ. ಭಾನುವಾರ ಸಂಜೆ ನಮ್ಮ ಚಾಳದ ಕಟ್ಟೆಯ ಮೇಲೆ ಒಂದು ತಗಡಿನ ಟ್ರಂಕು, ಅದರ ಮೇಲೆ ಟೇಪ್‌ರೆಕಾರ್ಡರು, ಪಕ್ಕದಲ್ಲಿ ತಗಡಿಗೆ ಒತ್ತಿಕೊಂಡ ಆ ಕೈ. ಹಾಡು ಮುಗಿಯುವ ತನಕ ಅದು ಅಲ್ಲಿಂದ ಏಳುತ್ತಿರಲಿಲ್ಲ. ದೊಡ್ಡ ಶೋಕಿ ಮನುಷ್ಯ, ತಾಳ ಹಿಡಿಯುವುದು ನೋಡು ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಗೋವಾದ ಉಸಗಾಂವದ ಮಾತಿದು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಸಾಲುಖೋಲಿಗಳ ಆ ಚಾಳಕ್ಕೆ ಬಂದವಳು ನಾನು. ನಮ್ಮ ಮನೆಯವರು ಅದಿರು ಸಾಗಿಸುವ ಗುತ್ತಿಗೆದಾರನ ಗ್ಯಾರೇಜಿನಲ್ಲಿ ಫಿಟರ್. ಪಕ್ಕದ ಖೋಲಿಯ ಕಾಕಾ ಅದೇ ಗುತ್ತಿಗೆದಾರನ ಟಿಪ್ಪರ್ ಓಡಿಸುತ್ತಿದ್ದರು. ಅವರದು ವಿಜಾಪುರದ ಕಡೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಊರಿನಲ್ಲೇ. ಮಳೆಗಾಲದಲ್ಲಿ ಗಣಿಯ ಟ್ರಕ್ಕುಗಳು ನಿಂತಾಗ ಊರಿಗೆ ಹೋಗುವರು, ಬರುವಾಗ ಚೀಲದ ತುಂಬ ಕ್ಯಾಸೆಟ್ ತರುವರು.

ಭಾನುವಾರದ ಬೈಠಕ್ ಹುಟ್ಟುಹಾಕಿದ್ದೂ ಅವರೇ. ಒಂದೊಂದು ವಾರ ಒಂದೊಂದು ಮನೆಯ ಸರದಿ. ಆ ಮನೆಯವರು ಆ ವಾರವೆಲ್ಲ ತಮ್ಮೊಳಗೆ ಏನು ಕೇಳಿದರೋ ಅದನ್ನು ಕಟ್ಟೆಗೆ ತಂದು ಎಲ್ಲರಿಗೂ ಕೇಳಿಸಬೇಕು. ಮೊಹರಮ್ಮಿನ ಪದವೋ, ಭಜನೆಯೋ, ಸಿನಿಮಾ ಹಾಡೋ, ಯಾರೋ ಕೊಂಕಣಿಯವರು ಕೊಟ್ಟ ಕ್ಯಾಸೆಟ್ಟೋ, ಏನಾದರೂ ನಡೆಯುತ್ತಿತ್ತು. ನಡುವೆ ಮಾತಾಡಿದರೆ ಮಾತ್ರ ಕಾಕಾನ ಕಣ್ಣು ಕೆಂಪಗಾಗುವುದು. ಹಾದಿಯಲ್ಲಿ ಸಿಕ್ಕರೆ ಊಟ ಆಯಿತೇ ಎಂದು ಕೇಳುವ ಮನುಷ್ಯನಲ್ಲ, "ಈ ವಾರ ಮನ್ಯಾಗ ಏನ್ ಕೇಳಾಕತ್ತೀರಿ?" ಅನ್ನುವುದೇ ಅವರ ನಮಸ್ಕಾರ.

ಇನ್ನೊಂದು ಚಟವಿತ್ತು. ಯಾರ ಟೇಪ್‌ರೆಕಾರ್ಡರ್ ಸಿಕ್ಕರೂ ಅತ್ತರು ಹಚ್ಚಿದ ಹತ್ತಿಯಿಂದ ಒಳಗೆಲ್ಲ ಒರೆಸಿಕೊಡುವುದು. ಒರೆಸಿದ ಮೇಲೆ ಹಾಡು ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತಿತ್ತು. ಕಾಕಾ ಮಾತ್ರ ಈಗ ನೋಡ್ರಿ ಎಷ್ಟು ಸ್ವಚ್ಛ ಆತು ಎಂದು ಬೀಗುವರು. ಹಟಮಾರಿ ಎಂದು ನಾವು ನಕ್ಕು ಬಿಡುತ್ತಿದ್ದೆವು. ಚಾಳದ ಟೇಪುಗಳೆಲ್ಲ ಅತ್ತರು ನಾರುತ್ತಿದ್ದವು.

ಒಂದು ಮಧ್ಯಾಹ್ನ ಕಾಕಾ ನಳದ ಹತ್ತಿರ ಬೆನ್ನು ಮಾಡಿ ಕೂತು ಅಂಗಿ ಒಗೆಯುತ್ತಿದ್ದರು. ತುಂಬಿದ ಕೊಡ ಹೊತ್ತು ಸ್ವಲ್ಪ ಸರಿಯಿರಿ ಕಾಕಾ ಎಂದೆ. ಮತ್ತೆ ಎಂದೆ. ಸೊಂಟದಿಂದ ಕೊಡ ಜಾರಿ ಹಾಸುಗಲ್ಲಿನ ಮೇಲೆ ಬಿತ್ತು. ಚಾಳದ ಆ ತುದಿಯ ಬಾಗಿಲುಗಳು ತೆರೆದವು, ಕಾಕಾ ತಿರುಗಲಿಲ್ಲ. ನೀರು ಹರಿದು ಕಾಲಿಗೆ ತಾಗಿದಾಗ ತಿರುಗಿದರು. ನನ್ನ ಮುಖ ನೋಡಿದ್ದೇ ಅವರಿಗೆ ಎಲ್ಲ ತಿಳಿಯಿತು.

ಆ ಸಂಜೆ ನಮ್ಮ ಬಾಗಿಲಿಗೆ ಬಂದು ಹೊರಗೇ ನಿಂತು ಹೇಳಿದರು. "ಕಿವಿ ಹೋಗಿ ಭಾಳ ದಿನಾ ಆತು, ಮಗಳ. ಇಂಜಿನ್ನಿನ ದನಿನೂ ಈಗ ಸೀಟಿಗೆ ತಿಳೀತೈತಿ, ಕಿವಿಗಲ್ಲ. ಯಾರ ಮುಂದೂ ಅನಬ್ಯಾಡ. ಸ್ಟೇರಿಂಗ್ ಕೈ ಬಿಟ್ಟರ ಊರಾಗ ಮೂರು ಜೀವ ಉಪವಾಸ ಬೀಳ್ತಾವ."

ಹಾಗಾದರೆ ಭಾನುವಾರ ಯಾಕೆ ಬಂದು ಕೂಡುತ್ತೀರಿ ಎಂದು ಕೇಳಿದೆ. ನನ್ನ ತುಟಿ ನೋಡಿ ಉತ್ತರ ಕೊಟ್ಟರು. "ಟ್ರಂಕಿನ ಮ್ಯಾಲೆ ಕೈ ಇಟ್ರ ತಬಲಾದ ಡಗ್ಗಾ ಕೈಗೆ ಬರತೈತಿ. ಪದ ಒಂದ ಬರಂಗಿಲ್ಲ."

ಅಂದಿನಿಂದ ನಾನು ಅವರ ಎದುರಿಗೆ ಕೂತು, ಟೇಪಿನವರು ಹಾಡಿದಂತೆಲ್ಲ ದನಿಯಿಲ್ಲದೆ ತುಟಿ ಆಡಿಸತೊಡಗಿದೆ. ಅವರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಡಗ್ಗಾ ಟ್ರಂಕಿನಿಂದ, ಪದ ನನ್ನ ತುಟಿಯಿಂದ. ಹೊಸ ಹಾಡಾದರೆ ಅರ್ಧ ಪದ ತಪ್ಪುತ್ತಿದ್ದೆ, ಅದಕ್ಕೂ ತಲೆದೂಗುತ್ತಿದ್ದರು.

ಈ ಗುಟ್ಟು ಗೊತ್ತಿದ್ದ ಇನ್ನೊಬ್ಬನೆಂದರೆ ಅವರ ಕ್ಲೀನರ್. ಮೂವತ್ತು ದಾಟಿದ ಗಂಡಾಳು, ಕಾಕಾನೇ ಊರಿನಿಂದ ಕರೆತಂದು ಕೆಲಸಕ್ಕೆ ಹಚ್ಚಿದವನು. ಟಿಪ್ಪರ್ ಹಿಂದೆ ತೆಗೆಯುವಾಗ ಅವನು ತಗಡಿಗೆ ಅಂಗೈಯಿಂದ ಬಡಿಯುವನು, ಒಂದು ಏಟು ಬಾ, ಎರಡು ಏಟು ನಿಲ್ಲು. ರಸ್ತೆಯ ಮೇಲೆ ಯಾರಾದರೂ ಹಾರ್ನ್ ಹೊಡೆದರೆ ಕಾಕಾನ ಮೊಣಕಾಲು ತಟ್ಟುವನು. ಕಾಕಾನ ಕಿವಿ ಅವನೇ. ಮಳೆಗಾಲದ ಖಾಲಿ ಅಂಗಳದಲ್ಲಿ ಅವನಿಗೆ ಸ್ಟೇರಿಂಗ್ ಕಲಿಸಿದವರೂ ಕಾಕಾ. ಲೈಸೆನ್ಸ್ ಬಂತು, ಟ್ರಕ್ಕು ಬರಲಿಲ್ಲ. ಸೀಟು ಖಾಲಿಯಾದರೆ ನೋಡೋಣ ಎಂದಿದ್ದನಂತೆ ಗುತ್ತಿಗೆದಾರ.

ಆಮೇಲೊಂದು ಭಾನುವಾರ ಕ್ಲೀನರನ ಸರದಿ ಬಂತು. ಮಡಗಾಂವಿನಿಂದ ಎರಡು ಸ್ಪೀಕರಿನ ಹೊಸ ಟೇಪ್‌ರೆಕಾರ್ಡರ್ ತಂದಿದ್ದ. ಎಂದೂ ನಮ್ಮ ಕಟ್ಟೆ ಹತ್ತದ ಗುತ್ತಿಗೆದಾರನ ಸೂಪರ್‌ವೈಸರ್ ಅಂದು ಬಂದಿದ್ದ, ಇವನೇ ಕರೆದಿದ್ದ. ನನ್ನ ಹತ್ತಿರ ಬಂದು, ವೈನಿ, ಒಂದು ಕೌದಿ ಕೊಡ್ರಿ, ಹೊಸಾದು, ಗೀರು ಬೀಳಬಾರದು ಎಂದ. ನನ್ನ ಕೈಯಾರೆ ಹೊಲಿದ ಕೌದಿ ಕೊಟ್ಟೆ. ಅದನ್ನು ದಪ್ಪಗೆ ಮಡಿಸಿ ಟ್ರಂಕಿನ ತುಂಬ ಹಾಸಿ ಮೇಲೆ ಟೇಪ್ ಇಟ್ಟ. ಆಮೇಲೆ ನಮ್ಮ ಮನೆಯವರ ಕಿವಿಯಲ್ಲಿ ಏನೋ ಅಂದ. ಸಾಹೇಬರು ಬಂದಾರ, ಚಹಾ ಮಾಡು ಹೋಗು ಎಂದು ಇವರು ನನ್ನನ್ನು ಎಬ್ಬಿಸಿದರು.

ಒಲೆಯ ಮುಂದೆ ಕೂತು ಹಾಡು ಶುರುವಾಗುವುದನ್ನು ಕಾಯುತ್ತಿದ್ದೆ. ಹಾಡು ಬರಲಿಲ್ಲ. ಸ್ಟೋವಿನ ಭುಸ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಯಾರೋ ನಗು ತಡೆದುಕೊಂಡ ಸದ್ದು. ಚಹಾದ ತಾಟು ಹಿಡಿದು ಹೊರಗೆ ಬಂದೆ.

ಖಾಲಿ ಕ್ಯಾಸೆಟ್ ತಿರುಗುತ್ತಿತ್ತು. ಕಾಕಾ ಕೌದಿಯ ಮೇಲೆ ಅಂಗೈ ಇಟ್ಟು, ತಿರುಗುವ ಚಕ್ರದ ಮೇಲೆ ಕಣ್ಣಿಟ್ಟು ತಲೆದೂಗುತ್ತಿದ್ದರು. ಕೌದಿ ದಪ್ಪ, ಅದಕ್ಕೇ ಡಗ್ಗಾ ಬರುತ್ತಿಲ್ಲ ಅಂದುಕೊಂಡಿದ್ದಿರಬೇಕು ಪಾಪ. ಕ್ಲೀನರ್ ಅವರ ಮುಖದೆದುರು ಬಗ್ಗಿ, ಹೆಂಗೈತ್ರಿ ಕಾಕಾ ಎಂದು ಬಾಯಿ ಅಗಲಿಸಿ ಕೇಳಿದ.

"ಭಾಳ ಚಲೋ ಹಾಡ್ಯಾನ," ಅಂದರು ಕಾಕಾ. "ದನಿಯೊಳಗ ದರ್ದ್ ಐತಿ."

ಕಟ್ಟೆಯ ತುಂಬ ನಗು ಸಿಡಿಯಿತು. ನಮ್ಮ ಮನೆಯವರು ತೊಡೆ ತಟ್ಟಿಕೊಂಡು ನಕ್ಕರು. ನಗದವನು ಸೂಪರ್‌ವೈಸರ್ ಒಬ್ಬನೇ. ಅವನು ಕಾಕಾನ ಕಡೆ ನೋಡಿದ, ಆಮೇಲೆ ಮರದ ಕೆಳಗೆ ನಿಂತ ಟಿಪ್ಪರ್ ಕಡೆ ನೋಡಿದ. ಎಲ್ಲರೂ ನಗುವುದನ್ನು ಕಂಡು ಹಾಡಿನಲ್ಲೇ ನಗುವ ಮಾತು ಬಂತೇನೋ ಎಂದು ಕಾಕಾ ತಾವೂ ನಕ್ಕರು. ಆ ನಗು ನೋಡಬಾರದಿತ್ತು ನಾನು. ಮಾತು ಏನೆಂದು ತಿಳಿಯಲು ನನ್ನ ಕಡೆ ತಿರುಗಿದರು, ರೂಢಿಯಂತೆ, ನನ್ನ ತುಟಿಯ ಕಡೆ.

ನನ್ನ ತುಟಿ ಮುಚ್ಚಿತ್ತು.

ಕಾಕಾನ ಕೈ ಕೌದಿಯಿಂದ ನಿಧಾನವಾಗಿ ಎದ್ದಿತು. ನಮಾಜಿನ ಹೊತ್ತಾತು ಎಂದು ಚಪ್ಪಲಿ ಮೆಟ್ಟಿ ಹೊರಟರು. ನಮಾಜಿಗೆ ಇನ್ನೂ ಹೊತ್ತಿತ್ತು.

ಆ ವಾರವೇ ಸೀಟು ಖಾಲಿಯಾಯಿತು, ಕ್ಲೀನರ್ ಡ್ರೈವರ್ ಆದ. ಮನೆಯಲ್ಲಿ ನಾನು ಜಗಳ ತೆಗೆದೆ. "ಎಲ್ಲಾರೂ ನಕ್ಕರು, ನಾನೂ ನಕ್ಕೆ, ಕಿವಿ ಇಲ್ಲದವ ಗಾಡಿ ಹೊಡದರ ಮಂದಿ ಸಾಯಂಗಿಲ್ಲೇನು?" ಎಂದರು ಇವರು. ಈ ಮಾತು ಖರೆ. ಆ ರಸ್ತೆಯಲ್ಲಿ ಶಾಲೆಯ ಮಕ್ಕಳು ಓಡಾಡುತ್ತಿದ್ದರು, ಅದು ನನಗೂ ಗೊತ್ತಿತ್ತು. ಆದರೆ ಖೋಲಿಯೊಳಗೆ ಕೂಡಿಸಿ, ಕಾಕಾ, ಸ್ಟೇರಿಂಗ್ ಸಾಕು, ಗ್ಯಾರೇಜಿನಲ್ಲಿ ಏನಾದರೂ ನೋಡೋಣ ಎನ್ನಲು ಒಂದು ಬಾಯಿ ಸಾಕಿತ್ತಲ್ಲ. ಗ್ಯಾರೇಜಿನಲ್ಲೇ ಇದ್ದರಲ್ಲ ಇವರು. ಅದಕ್ಕೆ ನನ್ನ ಕೌದಿ ಯಾಕೆ, ಚಹಾ ಯಾಕೆ, ಖಾಲಿ ಕ್ಯಾಸೆಟ್ ಯಾಕೆ? ಎರಡೂ ಕಿವಿ ನೆಟ್ಟಗಿದ್ದ ಹೊಸ ಡ್ರೈವರ್ ಮುಂದೊಮ್ಮೆ ಜೋರಾಗಿ ಹಾಡು ಹಚ್ಚಿಕೊಂಡು ಅದೇ ಟಿಪ್ಪರನ್ನು ಗದ್ದೆಗೆ ಇಳಿಸಿದ. ಅದಕ್ಕೆ ಯಾರೂ ನಗಲಿಲ್ಲ, ಯಾರೂ ಅವನ ಸೀಟು ಕೇಳಲಿಲ್ಲ.

ಕಾಕಾ ಮಡಗಾಂವಿಗೆ ಹೋದರು. ಅಲ್ಲಿನ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುವ ಹಮಾಲಿ. ಒಮ್ಮೆ ಸಂತೆಗೆ ಹೋದಾಗ ಕಂಡೆ. ಬೆನ್ನು ಬಾಗಿತ್ತು, ಅಂಗೈಯ ಕೆಂಪು ಹೋಗಿ ಮಣ್ಣು ಕೂತಿತ್ತು. ನನ್ನನ್ನು ಕಂಡು ಚೀಲ ಇಳಿಸಿ, ಕಣ್ಣು ನೇರ ತುಟಿಗೇ ತಂದರು. ಬೇರೇನು ಕೇಳಲಿ? ಅವರದೇ ಮಾತು ಕೇಳಿದೆ, ಮನ್ಯಾಗ ಏನ್ ಕೇಳಾಕತ್ತೀರಿ ಕಾಕಾ ಎಂದು.

"ಏನೂ ಇಲ್ಲ ಮಗಳ," ಅಂದರು. "ಕೈ ಖಾಲಿ ಇರಂಗಿಲ್ಲ ಈಗ."

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಅಲ್ಲೇ ತೀರಿಕೊಂಡರು. ಸುದ್ದಿ ತಂದವನು ಕ್ಲೀನರನೇ. ಕಾಕಾನ ನೆನಪಿಗೆ ಈ ಭಾನುವಾರ ಅವರ ಮೆಚ್ಚಿನ ಮೊಹರಮ್ ಪದ ಹಚ್ಚೋಣ ವೈನಿ ಎಂದ. ಆ ಕಟ್ಟೆಯ ಮೇಲೆ ಟೇಪ್ ಇಟ್ಟರೆ ಕೊಡ ನೀರು ಹೊಯ್ಯುತ್ತೇನೆ ಎಂದೆ. ಇಡಲಿಲ್ಲ. ಬೈಠಕ್ಕು ಅಲ್ಲಿಗೇ ಮುಗಿಯಿತು. ಆ ಕೌದಿಯನ್ನು ನಾನು ಮತ್ತೆ ಯಾರಿಗೂ ಹೊದಿಸಿಲ್ಲ.

ನಾವೀಗಲೂ ಗೋವಾದಲ್ಲೇ ಇದ್ದೇವೆ. ಮನೆಯಲ್ಲಿ ಯಾವ ಹಾಡು ಬಂದರೂ ನನ್ನ ತುಟಿ ತಾನೇ ಆಡುತ್ತದೆ, ದನಿ ಬರುವುದಿಲ್ಲ. ಮೊನ್ನೆ ರೇಡಿಯೋ ನಡೆದಿತ್ತು. ಇವರು ನನ್ನನ್ನೇ ನೋಡುತ್ತ ಕೂತಿದ್ದವರು ನಕ್ಕು ಕೇಳಿದರು, "ಯಾರ ಸಲುವಾಗಿ ಹಂಗ ಬಾಯಿ ಆಡಸ್ತಿ?"

"ನೀವು ಆವತ್ತ ಕಟ್ಟಿ ಮ್ಯಾಲ ಯಾರನ್ನ ನೋಡಿ ನಕ್ಕಿದ್ರಿ," ಅಂದೆ, "ಅವರ ಸಲುವಾಗಿ."

ಇವರು ಎದ್ದು ಹೋಗಿ ರೇಡಿಯೋ ಬಂದ್ ಮಾಡಿದರು. ನಾನು ಆ ಹಾಡನ್ನು ಕೊನೆಯ ತನಕ ತುಟಿಯಲ್ಲಿ ಮುಗಿಸಿದೆ.