ತಿಪ್ಪೇಸ್ವಾಮಿಯ ಕಾರು ಎರಡು ಮಾರು ಜಿಗಿದದ್ದು

ನಾನು ನಿಂತಿದ್ದು ಆರ್‌ಟಿಒ ಕ್ಯಾಂಪಿನ ಮೈದಾನದಲ್ಲಿ, ಬೇವಿನ ಮರದಿಂದ ಮೂರು ಹೆಜ್ಜೆ ಆಚೆ, ಸುಣ್ಣದ ಗೆರೆಯ ಎಡಕ್ಕೆ. ಸಮಯ ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ: ಆಗಷ್ಟೇ ಗಡಿಯಾರ ನೋಡಿಕೊಂಡು, ಹನ್ನೆರಡರೊಳಗೆ ಎಲ್ಲ ಮುಗಿಯುತ್ತದೆ ಎಂದು ತಿಪ್ಪೇಸ್ವಾಮಿಗೆ ಧೈರ್ಯ ಹೇಳಿದ್ದೆ. ಇದಾಗಿ ಆರು ವರ್ಷವಾಯಿತು. ಇವತ್ತು ಬೆಳಿಗ್ಗೆ ಕಾರು ಕಲಿಯುತ್ತಿರುವ ಪಕ್ಕದ ಮನೆಯವರು ನಮ್ಮ ಗೇಟಿನ ಮುಂದೆ ಗಾಡಿಯನ್ನು ಒಮ್ಮೆ ಜಗ್ಗಿಸಿ ನಿಲ್ಲಿಸಿದಾಗ, ನಾನು ಹಾಲಿನ ಪಾತ್ರೆ ಸಮೇತ ಹಿಂದಕ್ಕೆ ನೆಗೆದೆ. ಹೆಂಡತಿ ನಕ್ಕಳು. ನೀವು ನಗುವ ಮುನ್ನ ಪೂರ್ತಿ ಕೇಳಬೇಕು.

ತಿಪ್ಪೇಸ್ವಾಮಿ ನನ್ನ ಜೊತೆ ಓದಿದವನು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಿ ರೇಷ್ಮೆ ಸೀರೆ ಆರಿಸಿ ತಂದು ಚಳ್ಳಕೆರೆಯಲ್ಲಿ ಮಾರುವುದು ಅವನ ಕಸುಬು. ಮೊದಲು ಬಸ್ಸಿನಲ್ಲಿ ಓಡಾಡುತ್ತಿದ್ದ. ಕಂಡಕ್ಟರ್ ಕಂಕುಳಿಗೆ ಕೈಹಾಕಿ ಎತ್ತಿ ಹತ್ತಿಸುವುದನ್ನು ಇಡೀ ಬಸ್ಸು ನೋಡುತ್ತಿತ್ತು. ಅದನ್ನು ತಾಳಲಾರದೆ ಹಳೆಯ ಕಾರೊಂದನ್ನು ಕೊಂಡ. ವೆಲ್ಡಿಂಗ್ ಬಾಷಾ ಸಾಬರು ಅದರ ಕ್ಲಚ್ಚಿಗೆ ಕೊಕ್ಕೆ ವೆಲ್ಡ್ ಮಾಡಿ, ಅದಕ್ಕೆ ಕಬ್ಬಿಣದ ಸರಳು ಸಿಕ್ಕಿಸಿ, ತುದಿಯನ್ನು ಗೇರಿನ ಪಕ್ಕಕ್ಕೆ ತಂದು ನಿಲ್ಲಿಸಿದರು. ಮುಂಗೈಯಿಂದ ಸರಳು ತಳ್ಳಿ, ಅದೇ ಕೈಯ ಬೆರಳಿನಿಂದ ಗೇರ್ ಬದಲಿಸುತ್ತ ಅವನು ಬಿ.ಜಿ. ಕೆರೆ ದಾಟಿ ಹೋಗುವುದನ್ನು ಕಂಡರೆ, ಎರಡು ಕಾಲೂ ನೆಟ್ಟಗಿರುವ ನನಗೆ ನಾಚಿಕೆಯಾಗುತ್ತಿತ್ತು. ಆದರೆ ಆ ಸರಳಿನ ವಿಷಯ ಕಾರಿನ ಯಾವ ಕಾಗದದಲ್ಲೂ ಇರಲಿಲ್ಲ.

ಕಾರಿಗೆ ಹದಿನೈದು ವರ್ಷ ತುಂಬಿತು. ಇನ್ನು ಓಡಿಸಬೇಕಾದರೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪತ್ರ, ಮಾಡಿಸಬೇಕು. ಆರ್‌ಟಿಒ ಕಚೇರಿಯ ಬ್ರೇಕ್ ಇನ್ಸ್‌ಪೆಕ್ಟರು ನೋಡಿ ಸಹಿ ಹಾಕಿದರೆ ಸರಿ. ಇಲ್ಲವಾದರೆ ಕಾರು ಶೆಡ್ಡಿಗೆ, ತಿಪ್ಪೇಸ್ವಾಮಿ ಮತ್ತೆ ಕಂಡಕ್ಟರನ ಕೈಗೆ.

ನಮ್ಮ ಕಡೆ ಎಫ್‌ಸಿ ಎಂದರೆ ಬಿಚ್ಚುವ ಹಬ್ಬ. ಹಿಂದಿನ ದಿನ ಊರೆಬ್ಬಿಸುವ ಹಾರ್ನ್ ಬಿಚ್ಚುತ್ತಾರೆ, ಬಣ್ಣದ ದೀಪ ಬಿಚ್ಚುತ್ತಾರೆ, ಟಾಪಿನ ಕ್ಯಾರಿಯರ್ ಬಿಚ್ಚುತ್ತಾರೆ. ಸಹಿ ಬಿದ್ದ ಸಂಜೆಯೇ ಎಲ್ಲವೂ ತಂತಮ್ಮ ಜಾಗಕ್ಕೆ ವಾಪಸ್. ಕಂಪನಿಯಿಂದ ಬಂದ ಹಾಗೆ ಗಾಡಿ ಕಾಣುವುದು ಆ ಒಂದು ದಿನ ಮಾತ್ರ. ನಾನೂ ಅದೇ ಹಾದಿಯಲ್ಲಿ ಯೋಚಿಸಿದೆ. "ಒಂದು ದಿನ ಬಿಚ್ಚಿಟ್ರೆ ಏನಾಗ್ತೈತಲೇ?" ಎಂದೆ. ಅವನಿಗೂ ಸರಿ ಕಂಡಿತು. ಸರಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಹಿಂದಿನ ಡಿಕ್ಕಿಯಲ್ಲಿಟ್ಟೆವು. ಕ್ಯಾಂಪಿನ ಮೈದಾನದವರೆಗೆ ಕಾರು ಓಡಿಸಿದವನು ನಾನು. ಮುಂದಿನದನ್ನು ಇಬ್ಬರೂ ಯೋಚಿಸಿರಲಿಲ್ಲ.

ಇನ್ಸ್‌ಪೆಕ್ಟರು ಚೇಸಿಸ್ ನಂಬರ್ ಉಜ್ಜಿ ನೋಡಿದರು, ದೀಪ ನೋಡಿದರು. ಗಾಡಿ ಯಾರದೆಂದು ಕೇಳಿದರು. ತಿಪ್ಪೇಸ್ವಾಮಿ ಹೆಮ್ಮೆಯಿಂದ ತನ್ನದೇ ಎಂದ. "ಹಂಗಾದ್ರೆ ನೀವೇ ಹತ್ತಿ. ಬ್ರೇಕ್ ನೋಡ್ಬೇಕು" ಎಂದರು.

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅವನು ಒಳಗೆ ಕುಳಿತು, ಎರಡೂ ಕೈಯಿಂದ ಎಡಗಾಲನ್ನೆತ್ತಿ ಕ್ಲಚ್ಚಿನ ಮೇಲಿಟ್ಟು, ಮಂಡಿಯನ್ನು ಅಂಗೈಯಿಂದ ಅದುಮಿ ಹಿಡಿದ. ಇಂಜಿನ್ ಶುರುವಾಯಿತು. ಗೇರ್ ಹಾಕಲು ಕೈ ತೆಗೆದು ಹಾಕುವಷ್ಟರಲ್ಲಿ ಕಾಲು ಜಾರಿತು. ಕಾರು ಎರಡು ಮಾರು ಮುಂದಕ್ಕೆ ಜಿಗಿದು ಕೆಮ್ಮಿ ನಿಂತಿತು. ಇನ್ಸ್‌ಪೆಕ್ಟರು ಬೇವಿನ ಕಟ್ಟೆಯ ಮೇಲಿದ್ದರು. ಅವರು ಹತ್ತಿದ್ದನ್ನು ನಾನು ನೋಡಲಿಲ್ಲ, ಇದ್ದದ್ದನ್ನಷ್ಟೇ ನೋಡಿದೆ. ಬಂಪರಿಗೂ ಕಟ್ಟೆಗೂ ನಡುವೆ ಒಂದು ಗೇಣು.

ಅವರು ಇಳಿದು ಬಂದು, ಕಿಟಕಿಯಿಂದ ಆ ಕಾಲನ್ನು ಬಹಳ ಹೊತ್ತು ನೋಡಿದರು.

"ದಿನಾ ಹೆಂಗ್ರೀ ಓಡಿಸ್ತೀರಿ?"

ತಿಪ್ಪೇಸ್ವಾಮಿ ಹಿಂದಕ್ಕೆ ಕೈ ತೋರಿಸಿದ. "ಡಿಕ್ಕಿನಾಗ ಐತೆ ಸಾರ್."

ನಾನು ಸೀರೆ ಬಿಚ್ಚಿ ಸರಳು ತೋರಿಸಿದೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿದರು. "ಜನ ಹಾರ್ನ್ ಬಿಚ್ಚಿಟ್ಟು ಬರ್ತಾರೆ. ನೀವು ಕಾಲನ್ನೇ ಬಿಚ್ಚಿಟ್ಟು ಬಂದಿದೀರಲ್ರೀ."

"ಇವನು ಹೇಳ್ದ, ನಾನು ಕೇಳ್ದೆ" ಎಂದು ತಿಪ್ಪೇಸ್ವಾಮಿ ನನ್ನತ್ತ ನೋಡಿದ. ಒಪ್ಪಿಕೊಂಡೆ.

ಅವರು ಸಹಿ ಹಾಕಲಿಲ್ಲ. ಸರಳನ್ನು ಜೋಡಿಸಿಯೇ ಗಾಡಿ ತರಬೇಕು, ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನವೆಂದು ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಬೇಕು, ಅದಕ್ಕೆ ಕಾನೂನಿನಲ್ಲೇ ದಾರಿ ಇದೆ ಎಂದು ವಿವರಿಸಿದರು. ವೆಲ್ಡಿಂಗಿನ ಕೊಕ್ಕೆ ಸಾಲದು, ಎರಡು ಬೋಲ್ಟ್ ಬೇಕು ಎಂದರು. ಇದನ್ನು ಕೇಳಿ ಬಾಷಾ ಸಾಬರು ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ಎರಡರ ಬದಲು ನಾಲ್ಕು ಬೋಲ್ಟ್ ಹಾಕಿದರು.

ಕಾಗದ ಬರುವವರೆಗೆ ಮೂರು ವಾರ ಅವನನ್ನು ನನ್ನ ಕಾರಿನಲ್ಲಿ ನಾನೇ ಮೊಳಕಾಲ್ಮೂರಿಗೆ ಕರೆದೊಯ್ದೆ. ನನಗೆ ಗೇರ್ ಹಾಕಲು ಬರುವುದಿಲ್ಲ ಎಂದು ನನ್ನಿವಾಳದ ಹತ್ತಿರ ಒಮ್ಮೆ, ಬಿ.ಜಿ. ಕೆರೆಯಲ್ಲಿ ಒಮ್ಮೆ ಬೈದ. ಮುಚ್ಚಿಟ್ಟರೆ ಮಾತ್ರ ಉಳಿಯುತ್ತದೆ ಎಂದುಕೊಂಡದ್ದನ್ನು ಒಬ್ಬ ಅಧಿಕಾರಿ ಕಾಗದದಲ್ಲಿ ಬರೆಸಿ ಉಳಿಸಿದ್ದು ನನಗೆ ಈಗಲೂ ಪೂರ್ತಿ ಜೀರ್ಣವಾಗಿಲ್ಲ. ಅಂದಿನಿಂದ ಯಾರಿಗೂ ಏನನ್ನೂ ಬಿಚ್ಚಿಡಲು ಹೇಳಿಲ್ಲ.

ಆ ಜಿಗಿತದ ಕಥೆಗೆ ಸೇರಿದವರಲ್ಲಿ ಬಾಷಾ ಸಾಬರು ಹೋದ ವರ್ಷ ತೀರಿಕೊಂಡರು. ಇನ್ಸ್‌ಪೆಕ್ಟರು ನಿವೃತ್ತರಾಗಿ ಅವರ ಊರಲ್ಲಿದ್ದಾರೆ. ಮೈದಾನದಲ್ಲಿ ಟೀ ಮಾರುತ್ತಿದ್ದ ಓಬಮ್ಮ ಇದ್ದಾಳೆ. ಕೇಳಿದರೆ ಮೂರು ಮಾರು ಎನ್ನುತ್ತಾಳೆ. ತಿಪ್ಪೇಸ್ವಾಮಿ ಇದ್ದಾನೆ; ಒಂದೇ ಮಾರು ಎನ್ನುತ್ತಾನೆ. ಈಗ ಕೇಳೋಣವೆಂದರೆ ಮನೆಯಲ್ಲಿಲ್ಲ. ಬೆಳಿಗ್ಗೆಯೇ ಮೊಳಕಾಲ್ಮೂರಿಗೆ ಹೋಗಿದ್ದಾನೆ, ಒಬ್ಬನೇ.