ಚಂದ್ರಿಕಾ ಸಿಸ್ಟರ್ ಅವರ ಮರಳುಗಾಡು

ಲಂಡನ್ನಿನಲ್ಲಿ ಎಜ್‌ವೇರ್‌ನಿಂದ ಸ್ಟ್ರಾಟ್‌ಫರ್ಡ್‌ವರೆಗೆ ಜರಡಿ ಹಿಡಿದು ಹುಡುಕಿದರೂ ನನ್ನಂಥ ಡ್ರೈವರ್ ಸಿಗುವುದಿಲ್ಲ. ನಾನು ಸ್ಟೀರಿಂಗ್ ಮುಟ್ಟಿದರೆ ಥೇಮ್ಸ್ ನದಿಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಮೂವತ್ತು ವರ್ಷದಿಂದ ಪ್ರತಿ ಯುಗಾದಿ ಊಟದಲ್ಲೂ ನಾನು ಹೀಗೆ ಹೇಳುತ್ತ ಬಂದಿದ್ದೇನೆ. ನಂಬಿದವರು ಒಬ್ಬರೇ, ಚಂದ್ರಿಕಾ ಸಿಸ್ಟರ್.

ಧಾರವಾಡದಿಂದ ಬಂದ ಇವರು ಇಲ್ಲಿನ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ನರ್ಸ್ ಆಗಿದ್ದರು. ಕಿಟಕಿಯಿಲ್ಲದ ಕೋಣೆ, ಮೇಲೊಂದು ದೀಪ. ಹೊಟ್ಟೆ ಹೊಲಿಯುವ ಮುಂಚೆ ಕತ್ತರಿ, ಬಟ್ಟೆಯ ತುಂಡು ಎಲ್ಲವನ್ನೂ ಎಣಿಸಿ ಗಟ್ಟಿಯಾಗಿ ಹೇಳುವುದು ಅವರ ಕೆಲಸ. ಒಂದು ತುಂಡು ಕಡಿಮೆ ಬಂದರೆ ಎಂಥ ಸರ್ಜನ್ನನ್ನೂ ಸೂಜಿ ಹಿಡಿದ ಕೈಯಲ್ಲೇ ನಿಲ್ಲಿಸಿಬಿಡುತ್ತಿದ್ದರಂತೆ. ಮದುವೆಯಾಗಲಿಲ್ಲ. ಯಾಕೆ ಎಂದರೆ, "ಎಣಿಕಿಗೆ ಸಿಗೂವಂಥಾವ್ರು ಯಾರೂ ಬರಲಿಲ್ರಿ" ಎನ್ನುತ್ತಾರೆ.

ನಿವೃತ್ತಿಯಾದ ಮೇಲೆ ಅವರಿಗೆ ಜಿಯೋಕ್ಯಾಶಿಂಗ್ ಹಿಡಿಯಿತು. ಯಾರೋ ಅಪರಿಚಿತರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಅದಿರುವ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಇವರು ಫೋನು ಹಿಡಿದು ಹೋಗಿ, ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ.

"ನಮ್ಮ ಮೈಸೂರಲ್ಲಿ ಇದಕ್ಕೆ ಕೆಲಸವಿಲ್ಲದ ಕೆಲಸ ಅಂತಾರೆ, ಸಿಸ್ಟರ್" ಎಂದೆ.

"ನಮ್ಮ ಕಡೆ ಹಂಗನ್ನಾಕೂ ಮಂದಿಗೆ ಪುರಸೊತ್ತಿರೂದಿಲ್ರಿ, ಅಣ್ಣಾರ."

ಬಸ್ಸಿನಲ್ಲೇ ಓಡಾಡಿ ಲಂಡನ್ನಿನೊಳಗೆ ಎಂಟುನೂರು ಡಬ್ಬಿ ಹುಡುಕಿದರು. ಆಮೇಲೆ ಮೊರಾಕೊದ ಮರಳುಗಾಡಿನ ನಟ್ಟನಡುವೆ ಇರುವ ಒಂದರ ಮೇಲೆ ಕಣ್ಣು ಬಿತ್ತು. "ಸುತ್ತ ನಲವತ್ತು ಮೈಲಿ ಗ್ವಾಡಿ ಅನ್ನೂದ ಇರಬಾರದು. ಅಂಥಲ್ಲಿ ಒಮ್ಮೆ ನಿಂದರಬೇಕ್ರಿ" ಎಂದರು, ಇಪ್ಪತ್ತೊಂಬತ್ತು ವರ್ಷ ನಾಲ್ಕು ಗೋಡೆಗಳ ನಡುವೆ ನಿಂತವರು. ಅವರು ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ ಇರಬೇಕು.

ಯುಗಾದಿ ಊಟದ ಗೆಳೆಯರಲ್ಲಿ ಆರು ಜನ ಹೊರಡುವುದೆಂದಾಯಿತು. ತಲೆಗೆಷ್ಟು ನೀರು, ಗಾಡಿಗೆಷ್ಟು ಟಯರು, ಚಕ್ರ ಹೂತರೆ ಅಡಿಗೆ ಕೊಡಲು ಎಷ್ಟು ಹಲಗೆ, ಎಲ್ಲ ಅವರೇ ಬರೆದರು. ಮರಳುಗಾಡಿಗೆ ಒಂಟಿ ಗಾಡಿ ಹೋಗಬಾರದು. ಒಂದು ಸಿಕ್ಕಿಕೊಂಡರೆ ಇನ್ನೊಂದು ಎಳೆಯಬೇಕು. ಬಾಡಿಗೆಗೆ ಸಿಕ್ಕ ಎರಡು ಜೀಪುಗಳೂ ಕೈಯಲ್ಲಿ ಗೇರು ಹಾಕುವಂಥವು. ಒಂದಕ್ಕೆ ಡ್ರೈವರ್ ಬೆಂಗಳೂರಿನ ಐಟಿ ಹುಡುಗ ಶಿವಪ್ರಕಾಶ. ಇನ್ನೊಂದಕ್ಕೆ, ಯಾರೂ ಕೇಳುವ ಮೊದಲೇ, ನಾನು.

"ಮುಂದಿನ ಐತವಾರ ಎಲ್ಲಾರೂ ಲೈಸೆನ್ಸ್ ತರ್ರಿ" ಎಂದರು ಸಿಸ್ಟರ್. "ಹಿಂದೂ ಮುಂದೂ ಗಟ್ಟಿಯಾಗಿ ಓದಬೇಕು. ನಮ್ಮ ಥಿಯೇಟರ್‌ನಾಗ ಪೇಷಂಟ್ ಹೆಸರ ಓದಿದಂಗ."

ನನ್ನ ಕಾರ್ಡಿನ ಹಿಂದೆ ಸಾಸಿವೆಯಷ್ಟು ಸಣ್ಣಗೆ ಎಪ್ಪತ್ತೆಂಟು ಎಂಬ ಅಂಕಿಯಿದೆ. ಈತ ಆಟೋಮ್ಯಾಟಿಕ್ ಗಾಡಿ ಮಾತ್ರ ಓಡಿಸಬಹುದು ಎಂದು ಅದರ ಅರ್ಥ. ಗೇರಿನ ಗಾಡಿಯ ಪರೀಕ್ಷೆಯಲ್ಲಿ ನಾನು ಐದು ಸಲ ಫೇಲು. ಐದನೆಯ ಸಲ ಪರೀಕ್ಷಕ ವೆಂಬ್ಲಿಯಲ್ಲಿ ಅರ್ಧಕ್ಕೇ ಇಳಿದು, ಬಸ್ಸು ಹತ್ತಿ, ಆ ಕೆಲಸಕ್ಕೇ ರಾಜೀನಾಮೆ ಕೊಟ್ಟನಂತೆ. ಇದು ನನ್ನ ಹೆಂಡತಿ ವೈದೇಹಿಯನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಆ ವಾರ ನಾನು ಮಾಡಿದ್ದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಕಾರ್ಡು ಓದುವ ಪ್ರಸಂಗವೇ ಬಾರದಿರಲೆಂದು ಒಬ್ಬೊಬ್ಬರಿಗೂ ಫೋನು ಮಾಡಿದೆ. "ಪಾಪ, ಸಿಸ್ಟರ್ ಮಂಡಿ ನೋಡಿದ್ರಾ? ಸ್ಟೇಷನ್ ಮೆಟ್ಟಿಲೇ ಹತ್ತೋಕಾಗಲ್ಲ. ಅಲ್ಲಿ ಏನಾದ್ರೂ ಆದ್ರೆ ಯಾರು ಗತಿ?" ಅವರ ಮಂಡಿಗೆ ಏನೂ ಆಗಿರಲಿಲ್ಲ. ಅದೇ ಮೆಟ್ಟಿಲುಗಳ ತುದಿಯಲ್ಲಿ ನಿಂತು, ಏದುಸಿರು ಬಿಡುವ ನನಗಾಗಿ ಕಾಯುತ್ತಿದ್ದವರು ಅವರು.

ಭಾನುವಾರ ಅವರ ಫ್ಲ್ಯಾಟಿನಲ್ಲಿ ಮೇಜಿನ ತುಂಬ ನಕಾಶೆ, ಕೈಗೊಂದು ಬಟ್ಟಲು ಒಗ್ಗರಣೆ ಚುರುಮುರಿ. ಶಿವಪ್ರಕಾಶ ತಲೆ ತಗ್ಗಿಸಿಕೊಂಡೇ ಹೇಳಿದ: "ಸಿಸ್ಟರ್, ನಿಮ್ಮ ಮಂಡಿಗೆ ಇದು ತುಂಬಾ ರಿಸ್ಕು. ನಾವೆಲ್ಲ ಮಾತಾಡಿದ್ವಿ. ಬೇಡ ಬಿಡಿ, ಡ್ರಾಪ್ ಮಾಡೋಣ."

"ನನ್ನ ಮಂಡಿಗೇನಾಗೇದ?"

ವೈದೇಹಿ ಗೋಡೆ ನೋಡುತ್ತಿದ್ದಳು. ನಾನು ಚುರುಮುರಿಯೊಳಗೆ ಶೇಂಗಾ ಹುಡುಕುತ್ತಿದ್ದೆ.

ಸಿಸ್ಟರ್ ನಕಾಶೆ ಮಡಚತೊಡಗಿದರು. ಅರ್ಧಕ್ಕೆ ನಿಲ್ಲಿಸಿ ಎರಡೂ ಮಂಡಿಯನ್ನು ಅಂಗೈಯಿಂದ ಒತ್ತಿ ನೋಡಿಕೊಂಡರು, ಬೇರೆ ಯಾರದೋ ಮಂಡಿಯನ್ನು ಪರೀಕ್ಷಿಸುವಂತೆ. "ಮಂದಿಗೆ ಕಾಣಾಕತ್ತೇದ ಅಂದ್ರ ಇರಬೇಕು. ವಯಸ್ಸಾದದ್ದು ನನಗ ತಿಳಿದಿಲ್ಲ, ಅಷ್ಟ."

ಸುಳ್ಳು ಹೇಳಿ ಸಿಕ್ಕಿಬೀಳುವುದು ನನಗೆ ಹೊಸದಲ್ಲ. ನನ್ನ ಸುಳ್ಳನ್ನು ಒಬ್ಬರು ತಮ್ಮ ಮೈಮೇಲೆ ಎಳೆದುಕೊಂಡು ನಂಬುವುದನ್ನು ಎದುರಿಗೆ ಕೂತು ನೋಡಿದ್ದು ಅದೇ ಮೊದಲು. ಬಟ್ಟಲು ಕೆಳಗಿಟ್ಟೆ. ಜೇಬಿನಿಂದ ಕಾರ್ಡು ತೆಗೆದು, ಹೆಸರು, ಹುಟ್ಟಿದ ದಿನ ಓದಿ, ತಿರುಗಿಸಿ, ಎಪ್ಪತ್ತೆಂಟನ್ನೂ ಗಟ್ಟಿಯಾಗಿ ಓದಿದೆ. ಅದರ ಅರ್ಥವನ್ನೂ ಹೇಳಿದೆ.

"ಮಂಡಿ ಮಾತು ಹಬ್ಬಿಸಿದ್ದೂ ನಾನೇ, ಸಿಸ್ಟರ್."

ಶಿವಪ್ರಕಾಶನ ಬಾಯಿಂದ ಚುರುಮುರಿ ಉದುರಿತು. ವೈದೇಹಿ ಮಾತ್ರ ತನ್ನ ಬ್ಯಾಗು ತೆರೆದು, ತನ್ನ ಕಾರ್ಡನ್ನು ಸಿಸ್ಟರ್ ಮುಂದಿಟ್ಟಳು. "ನಂದು ಗೇರಿಂದೇ. ಮೊದಲ ಸಲಕ್ಕೇ ಪಾಸು. ಇವರ ಮಾತಿನ ಮಧ್ಯೆ ಹೇಳೋಕೆ ಜಾಗ ಸಿಗಲಿಲ್ಲ."

ಸಿಸ್ಟರ್ ಕನ್ನಡಕ ಏರಿಸಿ ಅದರ ಎರಡೂ ಬದಿ ಓದಿದರು. ಮಡಚಿದ ನಕಾಶೆಯನ್ನು ಮತ್ತೆ ಮೇಜಿನ ಮೇಲೆ ಹರಡಿದರು.

ನಾನು ಎದ್ದೆ. "ನೀವೆಲ್ಲ ಹೋಗಿ ಬನ್ನಿ. ನನಗೆ ನಿಮ್ಮ ಮುಖ ನೋಡೋ ಯೋಗ್ಯತೆ ಇಲ್ಲ, ಸಿಸ್ಟರ್."

"ಹಿಂದಿನ ಸೀಟಿನ್ಯಾಗ ಕುಂತ್ರ ಮುಖ ಎಲ್ಲಿ ಕಾಣ್ತದ್ರಿ? ಸುಮ್ಮನ ಬರ್ರಿ, ಅಣ್ಣಾರ. ದಾರಿ ತುಂಬ ಸುಳ್ಳು ಹೇಳ್ಕೋತ ಕುಂದರ್ರಿ, ಅಲ್ಲೆ ರೇಡಿಯೋ ಹತ್ತೂದಿಲ್ಲಂತ."