ಹೆಸರು ಕೇಳದ ಠಾಣೆಯಲ್ಲಿ ಅರ್ಬಾಬನ ಬಂದೂಕು

ಅಬುಧಾಬಿಯಲ್ಲಿ ನನ್ನಂಥ ನಂಬಿಕಸ್ಥ ಡ್ರೈವರ್ ಇನ್ನೊಬ್ಬನಿರಲಿಲ್ಲ. ನಾನು ಹಾರ್ನ್ ಹೊಡೆದರೆ ಒಂಟೆಗಳೂ ಸಾಲಾಗಿ ನಿಂತು ದಾರಿ ಬಿಡುತ್ತಿದ್ದವು. ಹಾಗಾಗಿ ನಮ್ಮ ಯಜಮಾನ, ಅರ್ಬಾಬ್, ತನ್ನ ಅಜ್ಜನ ಕಾಲದ ಲೈಸೆನ್ಸಿಲ್ಲದ ಬಂದೂಕನ್ನು ಠಾಣೆಗೆ ಒಪ್ಪಿಸಲು ನನ್ನನ್ನೇ ಕಳಿಸಿದ. ತಂದುಕೊಟ್ಟವರ ಹೆಸರು ಕೇಳುವುದಿಲ್ಲ, ಕೇಸೂ ಇಲ್ಲ ಎಂದು ಸರಕಾರವೇ ಹೇಳಿತ್ತು. ಬಂದೂಕೋ, ಕಾರಿನ ಎರಡೂ ಕಿಟಕಿಯಿಂದ ಹೊರಗೆ ಚಾಚುವಷ್ಟು ಉದ್ದ!

ಪೊಲೀಸಪ್ಪ ಅದನ್ನು ತೆಗೆದುಕೊಂಡು, "ಖಲಾಸ್, ಹೋಗು" ಅಂದ.

"ರಸೀದಿ?"

"ಹೆಸರೇ ಇಲ್ಲ, ಯಾರ ಹೆಸರಿಗೆ ರಸೀದಿ?"

"ನನ್ನ ಹೆಸರಾದರೂ ಬರೆಯಿರಿ ಮಾರಾಯ್ರೇ!"

"ಮಾಫಿ," ಅಂದ; ಅರಬಿಯಲ್ಲಿ 'ಇಲ್ಲ' ಅಂತ.

ಫೋನಿನಲ್ಲಿ ಅರ್ಬಾಬ್ ಗುಡುಗಿದ: "ಕಾಗದ ಇಲ್ವಾ? ಮಾರಿಕೊಂಡೆಯಾ? ನಾಳೆಯೇ ನಿನ್ನ ವೀಸಾ ಕ್ಯಾನ್ಸಲ್!"

ಸಿಮ್ ಕೊಳ್ಳಲಿಕ್ಕೂ ಐಡಿ ಕೇಳುವ ಊರಿನಲ್ಲಿ, ನನ್ನ ಹೆಸರು ಬರೆದುಕೊಳ್ಳಿ ಎಂದು ಪೊಲೀಸರ ಕಾಲು ಹಿಡಿದವನು ನಾನೊಬ್ಬನೇ.

ಕೊನೆಗೆ ಅರ್ಬಾಬನೇ ಠಾಣೆಗೆ ಬಂದ. ಜನ ತಂದೊಪ್ಪಿಸಿದ ಬಂದೂಕುಗಳ ರಾಶಿಯಲ್ಲಿ ತನ್ನದು ಕಂಡದ್ದೇ ತಡ, ಅದನ್ನು ತಬ್ಬಿಕೊಂಡು, ತನ್ನ ಹೆಸರಿನಿಂದ ಹಿಡಿದು ಏಳು ತಲೆಮಾರಿನ ಹೆಸರನ್ನೂ ಕೂಗಿ ಕೂಗಿ ಅತ್ತ. ನನ್ನ ವೀಸಾ ಉಳಿಯಿತು. ಪಾಪ, ಕಾನೂನು ಉಳಿಸಲು ಆ ಪೊಲೀಸಪ್ಪ ಮಾತ್ರ ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಂತಿದ್ದ.